ಮೊಳದೊಳಗಿನ ಮಂಜು

ಮೂರು ತೆಪ್ಪಗಳ ಆಚೆ, ನೀರಿನಲ್ಲಿ ನೆಟ್ಟ ಬಿದಿರಿನ ಮೇಲೆ ಕೂತಿದ್ದ ನೀರುಕಾಗೆ ತನ್ನ ಎಡರೆಕ್ಕೆಯನ್ನು ಮಾತ್ರ ಬಿಚ್ಚಿ ಒಣಗಿಸಿಕೊಳ್ಳುತ್ತಿರುವುದು ನೊಬುಯೆಗೆ ಚೆನ್ನಾಗಿ ಕಾಣುತ್ತಿತ್ತು. ತನ್ನ ಮಡಿಲಲ್ಲಿದ್ದ ಚಾಕುವಿನ ಅಲಗು ಯಾವ ಕಡೆಗೆ ತಿರುಗಿದೆ ಎಂಬುದು ಕಾಣುತ್ತಿರಲಿಲ್ಲ. ಬೆರಳಿನಿಂದ ಮುಟ್ಟಿ ನೋಡಿ ಸರಿಯಾಗಿ ಇಟ್ಟುಕೊಂಡಳು. ಯಾರಾದರೂ ನೋಡಿದರೆ ಚಾಕುವಿನ ಹರಿತ ಪರೀಕ್ಷೆ ಮಾಡುತ್ತಿದ್ದಾಳೆ ಎಂದುಕೊಳ್ಳಬೇಕು, ಹಾಗೆ. ಎರಡು ವರ್ಷಗಳಿಂದ ಅವಳು ಮಾಡುತ್ತಿದ್ದ ಎಲ್ಲ ಕೆಲಸಕ್ಕೂ ಇಂಥದೊಂದು ನೆಪ ಅಂಟಿಕೊಂಡಿತ್ತು. ದೋಣಿಯಲ್ಲಿ ಅವಳಲ್ಲದೆ ಐವರು ಹೆಂಗಸರಿದ್ದರು, ಹಿಂದೆ ಮೋಟಾರಿನ ಹತ್ತಿರ ಯಜಮಾನ ಇವಾಕಿಚಿ ಕೂತಿದ್ದ. ಡಿಸೆಂಬರ್ ತಿಂಗಳ ಎರಡನೆಯ ವಾರ, ಆಗೊ ಕೊಲ್ಲಿಯ ನೀರು ಗಾಳಿಯಿಲ್ಲದೆ ಸುಮ್ಮನಿತ್ತು. ಬೇಸಿಗೆಗೆ ಮೊದಲು ಒಡಲಲ್ಲಿ ಮಣಿ ಇಟ್ಟು ನೀರಿಗಿಳಿಸಿದ್ದ ಚಿಪ್ಪುಗಳನ್ನು ಮೇಲೆತ್ತಿ ಮುತ್ತು ಬಿಡಿಸುವ ದಿನ. ಯಾರ ಕೈ ಎಂಥದು ಎಂದು ಗೊತ್ತಾಗುವ ದಿನವೂ ಅದೇ. ದೋಣಿಯ ಮೂತಿಯಲ್ಲಿ, ಎಲ್ಲರಿಗೂ ಬೆನ್ನು ಹಾಕಿ, ಹಿಸಾನೊ ಕೂತಿದ್ದಳು. ಅವಳ ಕನ್ನಡಕ ಎಂದಿನಂತೆ ದಾರದಲ್ಲಿ ಕೊರಳಿಗೆ ನೇತು ಬಿದ್ದಿತ್ತು. ಆ ಬೆನ್ನನ್ನು ನೋಡಬಾರದೆಂದು ನೊಬುಯೆ ನೀರುಕಾಗೆಯನ್ನೇ ನೋಡಿದಳು.

ಹೇಳಿಬಿಡಬೇಕು, ಇವತ್ತು ಹೇಳಿಬಿಡಬೇಕು ಎಂದು ಬೆಳಿಗ್ಗೆ ಅಕ್ಕಿ ತೊಳೆಯುವಾಗಲೇ ನಿಶ್ಚಯ ಮಾಡಿಕೊಂಡಿದ್ದಳು. ನಿನ್ನೆಯೂ ಅಕ್ಕಿ ತೊಳೆಯುವಾಗ ಮಾಡಿಕೊಂಡಿದ್ದಳು. ಆದರೆ ನಿನ್ನೆಗೂ ಇವತ್ತಿಗೂ ವ್ಯತ್ಯಾಸವಿತ್ತು. ಮುತ್ತಿಗೆ ಬೇಡಿಕೆ ಬಿದ್ದುಹೋದ ಮೇಲೆ ಇವಾಕಿಚಿಯ ಕೆಲಸದ ಕೊಟ್ಟಿಗೆಯಲ್ಲಿ, ಹೆಂಗಸಿಗೊಂದರಂತೆ, ಹನ್ನೊಂದಿದ್ದ ಮೇಜುಗಳು ಆರಕ್ಕಿಳಿದಿದ್ದವು. ಮುಂದಿನ ವಸಂತಕ್ಕೆ ಐದೇ ಎಂದು ಅವನು ತಿಂಗಳ ಹಿಂದೆಯೇ ಹೇಳಿದ್ದ. ಯಾರು ಬಿಡಬೇಕೆಂಬುದನ್ನು ಇವತ್ತು ಒಬ್ಬೊಬ್ಬಳ ಬಟ್ಟಲಿಗೆ ಬೀಳುವ ಮುತ್ತುಗಳು ಹೇಳುತ್ತವೆ. ಇವತ್ತು ಮೇಲೆತ್ತಲಿರುವ, ಹಿಸಾನೊಳ ಹೆಸರಿನ ಒಂಬತ್ತು ಬುಟ್ಟಿಗಳಲ್ಲಿ ಏನೂ ಇರುವುದಿಲ್ಲ ಎಂದು ದೋಣಿಯಲ್ಲಿದ್ದವರೆಲ್ಲ ಊಹಿಸಿದ್ದರು. ಆ ಒಂಬತ್ತೂ ಹಿಸಾನೊಳವಲ್ಲ ಎಂದು ಗೊತ್ತಿದ್ದದ್ದು ನೊಬುಯೆಗೆ ಮಾತ್ರ. ಅಂತ ಅವಳು ಅಂದುಕೊಂಡಿದ್ದಳು.

ಮಂಜು ಮೊದಲು ಬಂದದ್ದು ಮೀನಿನ ಮುಳ್ಳಿನ ಜೊತೆಗೆ. ಸಾರ್ಡೀನಿನ ಮುಳ್ಳು ಬಿಡಿಸುತ್ತ ಕೂತಿದ್ದಾಗ ತಟ್ಟೆ ಇದ್ದಕ್ಕಿದ್ದಂತೆ ಹೊಗೆ ಹಿಡಿದ ಹಾಗಾಗಿ, ಮುಖ ಸ್ವಲ್ಪ ಹಿಂದೆ ತೆಗೆದರೆ ಸರಿಹೋಗಿತ್ತು. ದಣಿವು ಎಂದುಕೊಂಡಳು. ಆಮೇಲೆ ಪತ್ರಿಕೆ ಹಿಂದೆ ಹೋಯಿತು, ಗಂಡ ಬಂದರುಗಳಿಂದ ಬರೆಯುತ್ತಿದ್ದ ಪತ್ರ ಹಿಂದೆ ಹೋಯಿತು, ಕೊನೆಗೆ ಅವಳ ಕೈಯೇ ಸಾಲದಾಯಿತು. ಒಂದು ಮೊಳದೊಳಗೆ ಇದ್ದದ್ದೆಲ್ಲ ಮಂಜು, ಮೊಳದಾಚೆ ಜಗತ್ತು ಇದ್ದ ಹಾಗೇ ಇತ್ತು. ನಲವತ್ತಾರು ವರ್ಷ ತುಂಬಿದ ಹೆಂಗಸಿಗೆ ಇದೇನು ದೊಡ್ಡ ಸಂಗತಿಯಲ್ಲ, ಊರಿನಲ್ಲಿ ಅರ್ಧ ಜನ ಹೀಗೆಯೇ ಪತ್ರಿಕೆ ಓದುತ್ತಾರೆ. ಆದರೆ ಅವಳ ಹೊಟ್ಟೆಪಾಡು ಆ ಮೊಳದೊಳಗೇ ಇತ್ತು. ಜೀವಂತ ಚಿಪ್ಪನ್ನು ಬೆರಳಗಲ ಬಾಯಿ ತೆರೆಸಿ, ಸಣ್ಣ ಬೆಣೆ ಸಿಕ್ಕಿಸಿ, ಅದರ ಪಾದದ ಬುಡದಲ್ಲಿ ಗೀರು ಹಾಕಿ, ಒಳಗೆ ದಾರಿ ಕೊರೆದು, ಸಾಸಿವೆಗಿಂತ ಸ್ವಲ್ಪ ದೊಡ್ಡ ಮಣಿ ಇಟ್ಟು, ಆ ಮಣಿಗೆ ತಾಗುವ ಹಾಗೆ ಇನ್ನೊಂದು ಚಿಪ್ಪಿನ ಅಂಚಿನಿಂದ ಕತ್ತರಿಸಿದ ಮಾಂಸದ ಚೂರು ಕೂರಿಸಬೇಕು. ಚೂರು ತಾಗದಿದ್ದರೆ ಮುತ್ತಿಲ್ಲ. ಕೊರೆಯುವ ಸಲಾಕೆ ಅಕ್ಕಿಕಾಳಿನಷ್ಟು ಆಚೆ ಹೋದರೆ ಕರುಳು ಹರಿದು ಚಿಪ್ಪು ಸಾಯುತ್ತದೆ. ಇದನ್ನು ಅವಳಿಗೆ ಕಲಿಸಿದವಳು ಹಿಸಾನೊ. ಇಪ್ಪತ್ತೇಳರ ನೊಬುಯೆಯ ಮಣಿಕಟ್ಟನ್ನು ಹಿಂದಿನಿಂದ ಹಿಡಿದು, ತನ್ನ ಗಲ್ಲ ಅವಳ ಹೆಗಲಿಗೆ ತಾಗಿಸಿ, ಇಲ್ಲಿ, ಇನ್ನೂ ಸ್ವಲ್ಪ, ಸಾಕು ಎನ್ನುತ್ತ ಒಂದು ಇಡೀ ವಸಂತವನ್ನು ಅವಳ ಮೇಲೆ ಖರ್ಚು ಮಾಡಿದ್ದಳು. ಆಮೇಲೆ ಹತ್ತೊಂಬತ್ತು ವರ್ಷ ಇಬ್ಬರೂ ಕಿಟಕಿಯ ಕೆಳಗೆ ಅಕ್ಕಪಕ್ಕದ ಮೇಜಿನಲ್ಲಿ ಕೂತರು. ಹಿಸಾನೊಳ ಮೈಯಿಂದ ಬರುತ್ತಿದ್ದ ಕರ್ಪೂರದ ಎಣ್ಣೆಯ ವಾಸನೆ ಇಲ್ಲದೆ ನೊಬುಯೆಗೆ ಕೆಲಸ ಓಡುತ್ತಿರಲಿಲ್ಲ.

ತೆಪ್ಪ ಬಂತು. ಇವಾಕಿಚಿ ಮೋಟಾರು ನಿಲ್ಲಿಸಿದ. ಅವನ ಅಪ್ಪನ ಕಾಲದಿಂದ ಇಲ್ಲಿ ನಡೆದುಬಂದ ಒಂದು ರೂಢಿಯಿತ್ತು. ಒಬ್ಬೊಬ್ಬಳು ತನ್ನ ಬುಟ್ಟಿಗಳಿಗೆ ತನ್ನದೇ ಮರದ ಬಿಲ್ಲೆ ಕಟ್ಟಬೇಕು. ಕಟ್ಟಿದವಳೇ ಮುತ್ತಿನ ದಿನ ಅದನ್ನು ಬಿಚ್ಚಬೇಕು. ನಡುವೆ ಯಾರೂ ಮುಟ್ಟಬಾರದು. ಬಿಲ್ಲೆಯ ಮೇಲೆ ಕಾದ ಮೊಳೆಯಿಂದ ಸುಟ್ಟ ಗುರುತು. ಹಿಸಾನೊಳದು ಒಂದು ವೃತ್ತ, ನೊಬುಯೆಯದು ಎರಡು ಗೆರೆ. ಸುಟ್ಟ ಗುರುತಾದ್ದರಿಂದ ಕಣ್ಣು ಬೇಕಾಗಿರಲಿಲ್ಲ, ಹೆಬ್ಬೆರಳೇ ಓದುತ್ತಿತ್ತು. ಹಗ್ಗ ಎಳೆದಂತೆ ಬುಟ್ಟಿಗಳು ನೀರು ಸುರಿಸುತ್ತ ಮೇಲೆ ಬಂದವು. ನೊಬುಯೆ ತನ್ನ ಎರಡು ಗೆರೆಯ ಬಿಲ್ಲೆಗಳ ಗಂಟುಗಳನ್ನು ಉಗುರಿನಿಂದ ಬಿಚ್ಚಿದಳು. ತೆಪ್ಪದ ಆ ತುದಿಯಲ್ಲಿ ಹಿಸಾನೊ ಕನ್ನಡಕವನ್ನು ಮೂಗಿಗೇರಿಸಿ, ಒಂದು ವೃತ್ತದ ಬಿಲ್ಲೆಯನ್ನು ಹಿಡಿದು ಸ್ವಲ್ಪ ಹೊತ್ತು ನೋಡಿ, ಗಂಟು ಬಿಚ್ಚದೆ ದಾರವನ್ನು ಚಾಕುವಿನಿಂದ ಕತ್ತರಿಸಿ ಜೇಬಿಗೆ ಹಾಕಿಕೊಂಡಳು. ಬಿಚ್ಚಬೇಕಾದ್ದನ್ನು ಕತ್ತರಿಸಿದಳಲ್ಲ ಎಂದು ನೊಬುಯೆಗೆ ಅನ್ನಿಸಿತು. ಅಷ್ಟು ದೂರದಿಂದ ಅವಳಿಗೆ ಹಿಸಾನೊಳ ಕೆನ್ನೆಯ ಮೇಲಿನ ನೀರಹನಿಯೂ ಕಾಣುತ್ತಿತ್ತು. ವಯಸ್ಸಾದವಳು, ಬೆರಳು ಚಳಿಗೆ ಮರಗಟ್ಟಿರಬೇಕು ಎಂದುಕೊಂಡು ಸಮಾಧಾನಪಟ್ಟಳು.

ಕನ್ನಡಕ ಒಂದನ್ನು ಕೊಂಡುಕೊಂಡಿದ್ದರೆ ಮುಗಿಯುತ್ತಿತ್ತು. ಇದನ್ನು ಅವಳು ಸಾವಿರ ಸಲ ತನಗೇ ಹೇಳಿಕೊಂಡಿದ್ದಳು. ಪ್ರತಿ ಏಪ್ರಿಲಿನಲ್ಲಿ, ಮಣಿ ಇಡುವ ಕೆಲಸ ಶುರುವಾಗುವ ಮುಂಚಿನ ದಿನ, ಇವಾಕಿಚಿ ಹೆಂಗಸರಿಗೆಲ್ಲ ಒಂದೊಂದು ಸೂಜಿ ಕೊಟ್ಟು ದಾರ ಪೋಣಿಸಲು ಹೇಳುತ್ತಿದ್ದ. ಅರ್ಧ ಆಟ, ಅರ್ಧ ಪರೀಕ್ಷೆ. ಹಿಸಾನೊ ಐವತ್ತು ತುಂಬಿದಾಗಿನಿಂದಲೂ ಕನ್ನಡಕ ಹಾಕುತ್ತಿದ್ದಳು, ಕದ್ದುಮುಚ್ಚಿ ಅಲ್ಲ. ಅವಳ ಕೈಯಲ್ಲಿ ಚಿಪ್ಪು ಸಾಯುವುದೇ ಅಪರೂಪವಾದ್ದರಿಂದ ಯಾರೂ ಏನೂ ಅನ್ನುತ್ತಿರಲಿಲ್ಲ. ಹೋದ ವರ್ಷದ ಸೂಜಿಯ ದಿನ ಇವಾಕಿಚಿ ಉಪ್ಪಿನ ಮೂಲಂಗಿ ಕಡಿಯುತ್ತ, ನನ್ನ ಕೊಟ್ಟಿಗೆಯಲ್ಲಿ ಒಂದು ಕನ್ನಡಕ ಸಹಿಸಿಕೊಂಡಿದ್ದೇನೆ, ಎರಡಾದರೆ ಆಸ್ಪತ್ರೆ ಅಂತ ಬೋರ್ಡು ಹಾಕಬೇಕಾಗುತ್ತದೆ ಎಂದಿದ್ದ. ಎಲ್ಲರೂ ನಕ್ಕರು, ಹಿಸಾನೊ ಕೂಡ ನಕ್ಕಳು. ನೊಬುಯೆಯ ಎದೆಯಲ್ಲಿ ಆ ಮಾತು ಮುಳ್ಳು ಸಿಕ್ಕಿದ ಹಾಗೆ ಉಳಿದುಹೋಯಿತು. ಈ ವರ್ಷದ ಸೂಜಿಗಾಗಿ ಅವಳು ಮನೆಯಲ್ಲಿ ಒಂದು ತಿಂಗಳು ಕಣ್ಣು ಮುಚ್ಚಿ ಅಭ್ಯಾಸ ಮಾಡಿದಳು. ದಾರವನ್ನು ಎರಡು ಬೆರಳ ನಡುವೆ ಕಾಣದಷ್ಟು ಒತ್ತಿ ಹಿಡಿದು, ಸೂಜಿಯ ಕಣ್ಣನ್ನೇ ಅದರ ಮೇಲೆ ಇಳಿಸುವ ವಿದ್ಯೆ. ಎಲ್ಲರಿಗಿಂತ ಮೊದಲು ಪೋಣಿಸಿ ತೋರಿಸಿದಳು. ಹಿಸಾನೊಳಿಗೆ ಎರಡು ಸಲ ತಪ್ಪಿತು. ಆಗ ನೊಬುಯೆ ಹೇಳಿದಳು, "ಅಕ್ಕನಿಗೆ ಬಲೆ ಹೊಲಿಯೋ ದಬ್ಬಳ ಕೊಡಿ, ಪಾಪ." ನಗು ಎದ್ದಿತು. ತಾಮಿ ಎಂಬ ವಾಚಾಳಿ ಹೆಂಗಸು ಮೇಜು ಬಡಿದು ನಕ್ಕಳು. ಕನ್ನಡಕದ ಮೇಲಿಂದ ಹಿಸಾನೊ ಒಮ್ಮೆ ನೊಬುಯೆಯ ಕಡೆ ನೋಡಿದಳು, ಮುನಿಸಿನಿಂದ ಅಲ್ಲ, ಮಗ್ಗುಲಲ್ಲಿ ಮಲಗಿದ್ದವರು ಯಾಕೆ ಒದ್ದರು ಎಂದು ನೋಡುವ ಹಾಗೆ.

ಮೇ ತಿಂಗಳ ಬಿಸಿಲಿನಲ್ಲಿ ಹೇಗೋ ನಡೆಯಿತು. ಬೆಳಕು ಜೋರಾಗಿದ್ದರೆ ಮಂಜು ಸ್ವಲ್ಪ ಹಿಂದೆ ಸರಿಯುತ್ತಿತ್ತು. ಜೂನಿನ ಮಳೆಮೋಡ ಕವಿದು ಕಿಟಕಿ ಬೂದಿಯಾದಾಗ ಅವಳ ಕೈ ಕುರುಡಾಯಿತು. ಕೊನೆಯ ಒಂಬತ್ತು ಬುಟ್ಟಿಗಳನ್ನು ಅವಳು ಬರಿಯ ನೆನಪಿನಿಂದ ತುಂಬಿದಳು. ಸಲಾಕೆ ಹೋಗಬಾರದ ಕಡೆ ಹೋದಾಗ ಚಿಪ್ಪು ಒಂದು ಕ್ಷಣ ಬಿಗಿಯುತ್ತದೆ, ಆಮೇಲೆ ಸಡಿಲವಾಗುತ್ತದೆ. ಆ ಸಡಿಲ ಬೆರಳಿಗೆ ತಿಳಿಯುತ್ತದೆ. ದಿನಕ್ಕೆ ಎಷ್ಟು ಸಲ ತಿಳಿಯಿತೆಂದು ಎಣಿಸುವುದನ್ನು ಬಿಟ್ಟಳು. ಪಕ್ಕದಲ್ಲಿ ಹಿಸಾನೊ ಕನ್ನಡಕ ಹಾಕಿಕೊಂಡು, ತುಟಿಯಲ್ಲೇ ಏನೋ ಹಳೆಯ ಹಾಡು ಗುನುಗುತ್ತ, ಒಂದೊಂದೇ ಚಿಪ್ಪನ್ನು ಸಾವಕಾಶವಾಗಿ ಮುಗಿಸುತ್ತಿದ್ದಳು. ಚಿಪ್ಪುಗಳು ಮೂರು ವಾರ ತಣ್ಣನೆಯ ನೀರಿನಲ್ಲಿ ಚೇತರಿಸಿಕೊಂಡ ಮೇಲೆ ಬುಟ್ಟಿಗಳನ್ನು ಎತ್ತಿ ಸತ್ತ ಚಿಪ್ಪು ಲೆಕ್ಕ ಹಾಕುತ್ತಾರೆ, ಬಿಲ್ಲೆ ನೋಡಿ ಹೆಸರಿನ ಮುಂದೆ ಬರೆಯುತ್ತಾರೆ. ಆ ಲೆಕ್ಕಕ್ಕೆ ನಾಲ್ಕು ದಿನವಿದ್ದಾಗ, ಹಾಡುಹಗಲೇ, ಎಲ್ಲರೂ ಊಟಕ್ಕೆ ಕೂತಿದ್ದಾಗ, ಮನೆಯಲ್ಲಿ ಒಲೆ ಆರಿಸಿದೆನೋ ಇಲ್ಲವೋ ಎಂದು ಹೇಳಿ ನೊಬುಯೆ ಚಿಕ್ಕ ದೋಣಿ ತೆಗೆದುಕೊಂಡು ಹೊರಟಳು. ಚೇತರಿಕೆಯ ತೆಪ್ಪ ದಾರಿಯಲ್ಲೇ ಇತ್ತು. ಹಿಸಾನೊಳ ಒಂಬತ್ತು ಬಿಲ್ಲೆ, ತನ್ನ ಒಂಬತ್ತು ಬಿಲ್ಲೆ ಬಿಚ್ಚಿದಳು, ಅದಲುಬದಲು ಮಾಡಿ ಕಟ್ಟಿದಳು, ವೃತ್ತದ ಜಾಗಕ್ಕೆ ಗೆರೆ, ಗೆರೆಯ ಜಾಗಕ್ಕೆ ವೃತ್ತ. ಗಂಟು ಕಾಣುತ್ತಿರಲಿಲ್ಲ, ಬೆರಳು ತಾನೇ ಕಟ್ಟಿಕೊಂಡು ಹೋಯಿತು. ಆಗ ಅವಳಿಗೆ ಭಯವಾಗಲಿಲ್ಲ. ಹಿಸಾನೊಳಿಗೆ ಒಳ್ಳೆಯ ಹೆಸರು ಬೇಕಾದಷ್ಟಿದೆ, ಒಂಬತ್ತು ಬುಟ್ಟಿಯ ಕೆಟ್ಟ ಹೆಸರನ್ನು ಅದು ತಾಳುತ್ತದೆ ಎಂದು ಯೋಚಿಸಿದ್ದು ನೆನಪಿದೆ. ತನ್ನ ಹೆಸರು ತಾಳುತ್ತಿರಲಿಲ್ಲ. ವಾಪಸು ಬಂದು ಉಳಿದ ಅನ್ನ ತಿಂದಳು, ಹೊಟ್ಟೆ ತುಂಬ.

ಹಿಸಾನೊಳ ಹೆಸರು ತಾಳಲಿಲ್ಲ. ವೃತ್ತದ ಬುಟ್ಟಿಗಳಲ್ಲಿ ಹತ್ತಕ್ಕೆ ನಾಲ್ಕು ಸತ್ತಿದ್ದವು. ಇವಾಕಿಚಿ ಕೆಟ್ಟ ಮನುಷ್ಯನಲ್ಲ, ಎರಡೆರಡು ಸಲ ಎಣಿಸಿದ, ಆಮೇಲೆ ಹಿಸಾನೊಳ ಮುಖ ನೋಡದೆ, ಅಕ್ಕ, ಕಣ್ಣಿಗೆ ಸ್ವಲ್ಪ ವಿಶ್ರಾಂತಿ ಕೊಡಿ ಎಂದ. ವಿಶ್ರಾಂತಿ ಎಂದರೆ ಚಿಪ್ಪು ಕೆರೆಯುವ ಕೆಲಸ. ಬಿಸಿಲಿನಲ್ಲಿ ದೋಣಿಯ ಮೇಲೆ ನಿಂತು ಬುಟ್ಟಿಗಳನ್ನು ಒಂದೊಂದಾಗಿ ಎತ್ತಿ, ಚಿಪ್ಪಿನ ಮೈಗೆ ಹತ್ತಿದ ಪಾಚಿ, ಹುಳ, ಸುಣ್ಣ ಕೆರೆದು ಮತ್ತೆ ಇಳಿಸುವುದು. ಮೈಯೆಲ್ಲ ಕೊಳೆತ ವಾಸನೆ. ಹೊಸದಾಗಿ ಬಂದವರು ಮಾಡುವ ಕೆಲಸ. ಹಿಸಾನೊ ವಾದಿಸಲಿಲ್ಲ. ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದಳು, ಬೆಳಕಿಗೆ ಹಿಡಿದು ನೋಡಿದಳು, ತಪ್ಪು ಗಾಜಿನಲ್ಲಿ ಇದೆಯೇನೋ ಎಂಬಂತೆ ಮತ್ತೆ ಒರೆಸಿದಳು. ನೊಬುಯೆ ಪಕ್ಕದಲ್ಲೇ ನಿಂತಿದ್ದಳು. ಅಷ್ಟು ಹತ್ತಿರದಿಂದ ಹಿಸಾನೊಳ ಮುಖ ಕಲಸಿದ ಹಿಟ್ಟಿನಂತಿತ್ತು, ಕಣ್ಣು ಎಲ್ಲಿ ಮುಗಿದು ಕೆನ್ನೆ ಎಲ್ಲಿ ಶುರುವಾಗುತ್ತದೆಂದು ತಿಳಿಯುತ್ತಿರಲಿಲ್ಲ. ಒಂದು ಹೆಜ್ಜೆ ಹಿಂದೆ ಹೋದರೆ ಕಾಣುತ್ತಿತ್ತು. ಅವಳು ಹೋಗಲಿಲ್ಲ. ಅಂದಿನಿಂದ ಪಕ್ಕದ ಮೇಜು ಖಾಲಿ, ಕರ್ಪೂರದ ವಾಸನೆ ಇಲ್ಲ.

ಅಕ್ಟೋಬರಿನಲ್ಲಿ, ಎರಡು ಸಲ ಬಸ್ಸು ಬದಲಿಸಿ, ತನ್ನ ಗುರುತಿನವರು ಯಾರೂ ಇಲ್ಲದ ಊರಿನ ಕಣ್ಣಿನ ವೈದ್ಯರ ಹತ್ತಿರ ಹೋದಳು. ವಯಸ್ಸಾದ ಮನುಷ್ಯ, ತಾಳ್ಮೆಯವರು. ಕಣ್ಣೊಳಗೆ ಒಂದು ಮಸೂರವಿದೆ, ಅದರ ಸುತ್ತ ಉಂಗುರದ ಹಾಗೆ ಸ್ನಾಯು, ಎರಡರ ನಡುವೆ ಕೂದಲಿಗಿಂತ ತೆಳು ಎಳೆಗಳು ಎಂದು ಕಾಗದದ ಮೇಲೆ ಗೀಚಿ ತೋರಿಸಿದರು. ಅವಳಿಗೆ ಕಾಗದ ಕಾಣದ್ದು ನೋಡಿ ನಕ್ಕು, ಅದನ್ನು ಗೋಡೆಗೆ ಸಿಕ್ಕಿಸಿ ವಿವರಿಸಿದರು. ದೂರ ನೋಡುವಾಗ ಸ್ನಾಯು ಸುಮ್ಮನಿರುತ್ತದೆ, ಎಳೆಗಳು ಬಿಗಿದು ಮಸೂರವನ್ನು ಚಪ್ಪಟೆಯಾಗಿ ಎಳೆದಿಟ್ಟಿರುತ್ತವೆ. ಹತ್ತಿರದ್ದು ಕಾಣಬೇಕಾದರೆ ಸ್ನಾಯು ಮುಷ್ಟಿಯಂತೆ ಬಿಗಿಯಬೇಕು, ಉಂಗುರ ಕಿರಿದಾಗಬೇಕು, ಎಳೆಗಳು ಸಡಿಲಾಗಬೇಕು, ಆಗ ಮಸೂರ ತಾನಾಗಿ ಉಬ್ಬಿ ದಪ್ಪವಾಗುತ್ತದೆ. "ದೂರ ನೋಡೋದು ಕಣ್ಣಿಗೆ ರಜೆ ಕಣಮ್ಮ," ಎಂದರು. "ಹತ್ತಿರ ನೋಡೋದೇ ದುಡಿಮೆ." ತನ್ನ ಸ್ನಾಯು ಸೋತುಹೋಗಿದೆಯೇ ಎಂದು ಅವಳು ಕೇಳಿದಳು. ಇಲ್ಲ, ಅದು ಈಗಲೂ ತನ್ನ ಪಾಡಿಗೆ ದುಡಿಯುತ್ತಿದೆ, ಮಸೂರ ಗಟ್ಟಿಯಾಗಿ ಮಾತು ಕೇಳುತ್ತಿಲ್ಲ ಎಂದು ಹೇಳಿ, ಮೇಜಿನ ಮೇಲಿದ್ದ ತಟ್ಟೆಯಿಂದ ಮೋಚಿ ಎಂಬ ಮೆತ್ತನೆಯ ಅಕ್ಕಿಹಿಟ್ಟಿನ ಉಂಡೆಯೊಂದನ್ನು ಬೆರಳಿಂದ ಒತ್ತಿದರು. ಅದು ಮೆಲ್ಲಗೆ ಮತ್ತೆ ಉಬ್ಬಿತು. ಇದನ್ನೇ ಮೂರು ದಿನ ಬಿಟ್ಟು ಒತ್ತಿ ನೋಡಿ, ಗಟ್ಟಿಯಾಗಿ ಉಬ್ಬುವುದಿಲ್ಲ, ಅಷ್ಟೇ ವಿಷಯ, ಕಾಯಿಲೆಯಲ್ಲ, ಯಾರಿಗೂ ತಪ್ಪಿದ್ದಲ್ಲ ಎಂದರು. ಕನ್ನಡಕದ ಚೀಟಿ ಬರೆದು ಕೊಟ್ಟರು. ಬಸ್ಸಿನಲ್ಲಿ ಅವಳು ಆ ಚೀಟಿಯನ್ನು ಸಣ್ಣಗೆ ಮಡಚಿ, ಮತ್ತೆ ಮಡಚಿ, ಇಳಿಯುವ ಹೊತ್ತಿಗೆ ಎಲ್ಲಿಟ್ಟೆ ಎಂದೇ ಮರೆತಿದ್ದಳು. ಕಾಯಿಲೆಯಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಯಾರಿಗೂ ತಪ್ಪದ ಒಂದು ಸಣ್ಣ ಸಂಗತಿಗಾಗಿ ತಾನು ಮಾಡಿದ್ದನ್ನು ನೆನೆದು ಅವಳಿಗೆ ತನ್ನ ಮೇಲೆ ಅಸಹ್ಯವಾಯಿತು.

ಕಣ್ಣು ಮಾತ್ರವೇ ಹಾಗಾದದ್ದೋ ಎಂದೂ ಅನುಮಾನ. ಗಂಡ ದೂರದ ಸಮುದ್ರದಲ್ಲಿ ಟ್ಯೂನಾ ಹಿಡಿಯುವ ಹಡಗಿನವನು, ವರ್ಷಕ್ಕೆ ಹತ್ತು ತಿಂಗಳು ಇರುವುದಿಲ್ಲ. ಇಲ್ಲದಿದ್ದಾಗ ಅವನ ಮೇಲೆ ಅವಳಿಗೆ ಎಷ್ಟು ಪ್ರೀತಿ. ಅವನ ಬಟ್ಟಲನ್ನು ದಿನವೂ ತೊಳೆದಿಡುತ್ತಾಳೆ. ಬಂದು ಎದುರಿಗೆ ಕೂತು ಸಾರು ಸುರಿಯುವ ಸದ್ದು ಮಾಡಿದ ಮೂರನೆಯ ದಿನಕ್ಕೆ ಯಾವಾಗ ಹೋಗುತ್ತಾನೋ ಎನ್ನಿಸುತ್ತದೆ. ಹತ್ತಿರದವರನ್ನು ನೋಡುವುದಕ್ಕೆ ಒಳಗೆ ಏನೋ ಬಿಗಿಯಬೇಕು, ಏನೋ ಸಡಿಲಾಗಬೇಕು. ಅದು ಅವಳಲ್ಲಿ ಯಾವಾಗ ಗಟ್ಟಿಯಾಯಿತೋ ಅವಳಿಗೇ ಗೊತ್ತಿಲ್ಲ.

ಕೊಟ್ಟಿಗೆಯಲ್ಲಿ ಸೀಮೆಎಣ್ಣೆ ಒಲೆ ಉರಿಯುತ್ತಿತ್ತು. ಚಿಪ್ಪು ಸೀಳುವ ಕೆಲಸಕ್ಕೆ ಕಣ್ಣು ಬೇಡ. ಚಾಕು ಒಳಗೆ ತೂರಿಸಿ ತಿರುವಿದರೆ ಚಿಪ್ಪು ಎರಡಾಗುತ್ತದೆ, ಹೆಬ್ಬೆರಳಿಂದ ಮಾಂಸ ಒತ್ತಿದರೆ ಮುತ್ತಿದ್ದರೆ ಸಿಗುತ್ತದೆ. ಒಬ್ಬೊಬ್ಬರ ಮುಂದೆ ಒಂದೊಂದು ಬಿಳಿಯ ಬಟ್ಟಲು. ಎರಡು ಗೆರೆಯ ಆ ಒಂಬತ್ತು ಬುಟ್ಟಿಗಳ ಚಿಪ್ಪು ಒಂದಾದ ಮೇಲೊಂದು ಮುತ್ತು ಕೊಡುತ್ತಿತ್ತು, ಗುಂಡಗೆ, ಬೆರಳಿಗೆ ಎಲ್ಲೂ ತಡೆಯದ ಮುತ್ತು. ನೊಬುಯೆಯ ಬಟ್ಟಲಲ್ಲಿ ಅವು ಬೀಳುವ ಸದ್ದು ಬೇರೆಯವರ ಬಟ್ಟಲಿಗಿಂತ ಬೇಗ ಬೇಗ ಕೇಳಿಸುತ್ತಿತ್ತು. ತಾಮಿ ತಲೆಯೆತ್ತಿ, ಅವಳ ಕೈಯಲ್ಲಿ ದೇವರು ಕೂತಿದ್ದಾನೆ ಎಂದಳು. ಎದುರು ಸಾಲಿನಲ್ಲಿ ಹಿಸಾನೊ ಒತ್ತುತ್ತಿದ್ದಳು, ಬರಿಯ ಮಾಂಸ, ಮತ್ತೆ ಒತ್ತುತ್ತಿದ್ದಳು, ಸೊಟ್ಟ ಮೂಗಿನಂಥದೊಂದು ಮುತ್ತು, ಮತ್ತೆ ಬರಿಯ ಮಾಂಸ. ಅವಳ ಬಟ್ಟಲು ಸದ್ದೇ ಮಾಡುತ್ತಿರಲಿಲ್ಲ. ನನ್ನ ಒಂಬತ್ತು ಬುಟ್ಟಿ, ಎಂದು ನೊಬುಯೆ ಒಳಗೇ ಹೇಳಿಕೊಂಡಳು. ಅದು ನಾನು. ನಾನು ಒಳಗೆ ಹೇಗಿದ್ದೇನೆಂದು ಅವಳು ಒಂದೊಂದಾಗಿ ಬಿಚ್ಚಿ ನೋಡುತ್ತಿದ್ದಾಳೆ.

ಮಧ್ಯಾಹ್ನ ಚಿಪ್ಪಿನ ಗಟ್ಟಿ ಮಾಂಸವನ್ನು ಒಲೆಯ ಮೇಲೆ ಸೋಯಾ ರಸ ಚಿಮುಕಿಸಿ ಸುಟ್ಟರು. ಮುತ್ತಿನ ದಿನದ ಊಟ ಯಾವಾಗಲೂ ಅದೇ. ಹಿಸಾನೊ ಬಂದು ಪಕ್ಕದಲ್ಲಿ ಕೂತಳು, ಐದು ತಿಂಗಳ ಮೇಲೆ ಮೊದಲ ಸಲ. ಕರ್ಪೂರದ ವಾಸನೆ ಇರಲಿಲ್ಲ, ಪಾಚಿಯದಿತ್ತು. ಊಟದ ಕಡ್ಡಿಗಳಿಂದ ಒಂದು ತುಂಡು ಎತ್ತಿ ನೊಬುಯೆಯ ಅನ್ನದ ಬಟ್ಟಲಿಗೆ ಹಾಕಿದಳು. ಸುಟ್ಟು ಕಪ್ಪಾಗಿದೆಯೋ ಏನೋ ನೋಡಲು ನೊಬುಯೆ ಬಟ್ಟಲನ್ನು ತೋಳು ಚಾಚಿ ಹಿಡಿದಳು, ಅಭ್ಯಾಸಬಲದಿಂದ. ತಕ್ಷಣ ಹಿಂದಕ್ಕೆ ತಂದಳು.

"ಕೈ ಉದ್ದ ಆಗಿದೆಯಲ್ಲೇ ನೊಬು," ಎಂದಳು ಹಿಸಾನೊ.

ಈಗ ಹೇಳಬೇಕು. ಬಾಯಿಯಲ್ಲಿ ಅನ್ನವಿತ್ತು. ನುಂಗಿದ ಮೇಲೆ ಹೇಳುತ್ತೇನೆ ಎಂದುಕೊಂಡಳು. ಒಲೆಯ ಆಚೆ ಇವಾಕಿಚಿ ಚಹಾ ಕುಡಿಯುತ್ತಿದ್ದ, ನಾಲ್ಕು ಹೆಜ್ಜೆ. ಮುತ್ತಿನ ಬಟ್ಟಲುಗಳನ್ನು ಅವನಿನ್ನೂ ನೋಡಿರಲಿಲ್ಲ. ಆ ಒಂಬತ್ತು ನನ್ನವು, ಎರಡು ಪದ ಮೂರು ಪದ, ಎಷ್ಟು ಹೊತ್ತಿನ ಕೆಲಸ. ಹಿಸಾನೊ ತಿನ್ನುವುದನ್ನು ನಿಲ್ಲಿಸಿ ಸುಮ್ಮನೆ ಕೂತಿದ್ದಳು, ಬಸ್ಸಿಗೆ ಕಾಯುವವರ ಹಾಗೆ. ನೊಬುಯೆ ನುಂಗಿದಳು. "ಮಾಂಸ ಈ ಸಲ ಮೆತ್ತಗಿದೆ, ಅಲ್ವಾ ಅಕ್ಕ," ಎಂದಳು. ಹೇಳಿದ ಮೇಲೆ ಅವಳಿಗೆ ತನ್ನ ಧ್ವನಿ ಕೇಳಿಸಿತು, ಎಂದಿನಂತೆ ನಯವಾಗಿತ್ತು. ಹೌದು ಮೆತ್ತಗಿದೆ ಎಂದು ಹಿಸಾನೊ ಎದ್ದು ಹೋಗಿ ತನ್ನ ಬಟ್ಟಲು ತೊಳೆದಿಟ್ಟಳು.

ಮೂರು ಗಂಟೆಗೆ ಇವಾಕಿಚಿ ಬಟ್ಟಲುಗಳನ್ನು ಸಾಲಾಗಿ ಇಡಿಸಿ ನೋಡಿದ. ಹಿಸಾನೊಳ ಬಟ್ಟಲಿನ ಮುಂದೆ ಬಹಳ ಹೊತ್ತು ನಿಂತ. ಮಾತು ಶುರು ಮಾಡಲು ಅವನಿಗೆ ಕಷ್ಟವಾಗುತ್ತಿರುವುದು ಕಂಡು ಹಿಸಾನೊ ತಾನಾಗಿಯೇ ಹೇಳಿದಳು, ಬರುವ ವರ್ಷ ತಾನು ಬರುವುದಿಲ್ಲ, ತಂಗಿಯ ಊರಿನಲ್ಲಿ ಮೀನಿನ ಡಬ್ಬಿ ತಯಾರಿಸುವ ಕಾರ್ಖಾನೆಯಿದೆ, ಅಲ್ಲಿ ಮಾತಾಡಿಯಾಗಿದೆ ಎಂದು. ಇವಾಕಿಚಿ ಎರಡೂ ಕೈ ತೊಡೆಯ ಮೇಲಿಟ್ಟು ತಲೆಬಾಗಿಸಿದ, ಅವನ ಕಣ್ಣು ತುಂಬಿತ್ತು. ಇಪ್ಪತ್ತೆಂಟು ವರ್ಷದ ಉಪಕಾರ ಎಂದ. ಹೆಂಗಸರೆಲ್ಲ ತಲೆಬಾಗಿಸಿದರು, ನೊಬುಯೆ ಎಲ್ಲರಿಗಿಂತ ಕೆಳಗೆ ಬಾಗಿದಳು, ಅಲ್ಲಿ ಯಾರೂ ಮುಖ ನೋಡುವುದಿಲ್ಲವಾದ್ದರಿಂದ. ಆಮೇಲೆ ಇವಾಕಿಚಿ ಹಗುರಾದ. ನೊಬುಯೆಯ ಬಟ್ಟಲನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ, ಬರುವ ವಸಂತದಿಂದ ಕಿಟಕಿಯ ಕೆಳಗಿನ ಮೊದಲ ಮೇಜು, ಅಂದರೆ ಹಿಸಾನೊಳ ಮೇಜು, ಅವಳಿಗೇ ಎಂದ. ಹೊಸಬರಿಗೆ ಕಲಿಸುವುದೂ ಅವಳೇ ಎಂದ. ಮತ್ತೆ ನಗುತ್ತ, ತೀರ ಸಲೀಸಾಗಿ, ಅವಳನ್ನು ಕೊಂದುಹಾಕಿದ.

"ಕೈ ಹೀಗಿದ್ರೆ ನೀವು ನಾಳೆ ಕನ್ನಡಕ ಹಾಕ್ಕೊಂಡು ಬಂದ್ರೂ ನಂಗೇನು, ನೊಬುಯೆ-ಸಾನ್. ಎರಡು ಹಾಕ್ಕೊಳಿ ಬೇಕಾದ್ರೆ."

ಎಲ್ಲರೂ ನಕ್ಕರು. ನೊಬುಯೆಯೂ ನಕ್ಕಳು. ಮೂಲಂಗಿ ಕಡಿಯುತ್ತ ಆಡಿದ ಆ ಮಾತು ಅವನಿಗೆ ನೆನಪೇ ಇರಲಿಲ್ಲ.

ಕೈ ತೊಳೆಯುವ ನೆಪದಲ್ಲಿ ಹೊರಗೆ ಬಂದಳು. ದಡದ ಕಟ್ಟೆಯ ಮೇಲೆ ಹಿಸಾನೊ ತನ್ನ ರಬ್ಬರು ಬೂಟು, ಏಪ್ರನ್ನು, ಚಹಾದ ಬಟ್ಟಲು ಎಲ್ಲವನ್ನೂ ಬಟ್ಟೆಯಲ್ಲಿ ಕಟ್ಟಿಕೊಳ್ಳುತ್ತಿದ್ದಳು. ನೊಬುಯೆಯನ್ನು ಕಂಡು ಕೊರಳಿನಿಂದ ಕನ್ನಡಕ ತೆಗೆದಳು. ಅದರ ಒಂದು ಕಡ್ಡಿ ಎಂದೋ ಮುರಿದು ಗಾಳದ ದಾರ ಸುತ್ತಿದ್ದಳು. ಜೇಬಿನಿಂದ ಇನ್ನೇನೋ ತೆಗೆದು ಎರಡನ್ನೂ ನೊಬುಯೆಯ ಅಂಗೈಯಲ್ಲಿ ಇಟ್ಟು, ಬೆರಳುಗಳನ್ನು ಮಡಚಿದಳು, ಹಿಂದೆ ಸಲಾಕೆ ಹಿಡಿಸುತ್ತಿದ್ದ ಹಾಗೆಯೇ.

"ಇಟ್ಕೊ. ಮೀನಿನ ತಲೆ ಕತ್ತರಿಸೋಕೆ ನಂಗೆ ಬೇಕಾಗಲ್ಲ."

ನೊಬುಯೆಯ ಹೆಬ್ಬೆರಳಿಗೆ ಮರ ಸಿಕ್ಕಿತು. ಸುಟ್ಟ ವೃತ್ತ. ಅದಕ್ಕೆ ಹತ್ತಿದ ದಾರದ ತುಂಡು. ದಾರದಲ್ಲಿ ಬಿಚ್ಚದೆ ಉಳಿದ ಗಂಟು. ಹೆಬ್ಬೆರಳು ಗಂಟಿನ ಮೇಲೆ ಹೋಯಿತು: ಒಂದು ಸುತ್ತು, ಎರಡು ಸುತ್ತು, ಮೂರನೆಯ ಸುತ್ತು, ಹೆಬ್ಬೆರಳುದ್ದ ಹೊರಗೆ ಬಿಟ್ಟ ತುದಿ. ಹಿಸಾನೊ ಯಾವತ್ತೂ ಎರಡೇ ಸುತ್ತು ಹಾಕಿ ತುದಿಯನ್ನು ಒಳಗೆ ಸೇರಿಸುತ್ತಿದ್ದಳು. ಹತ್ತೊಂಬತ್ತು ವರ್ಷ ಆ ಮೂರನೆಯ ಸುತ್ತಿಗಾಗಿ ನೊಬುಯೆಯನ್ನು ದುಂದುಗಾರ್ತಿ ಎಂದು ಛೇಡಿಸುತ್ತಿದ್ದಳು. ಕಣ್ಣಿಗೆ ಕಾಣದ್ದನ್ನು ಬೆರಳಿನಿಂದ ಕಟ್ಟಿದವಳು ತನ್ನ ಬೆರಳನ್ನೇ ಅಲ್ಲಿ ಬಿಟ್ಟು ಬಂದಿದ್ದಳು.

"ಯಾವಾಗ ಗೊತ್ತಾಯ್ತು ಅಕ್ಕ?"

"ಜುಲೈಲಿ. ಮೊದಲ ಮೂರು ದಿನ ನನ್ನ ಕಣ್ಣೇ ಹೋಯ್ತು ಅಂತ ನಂಬಿದ್ದೆ. ರಾತ್ರಿ ನಿದ್ದೆ ಇಲ್ಲ. ಎಷ್ಟು ಜೀವ ಕೊಂದ್ನೋ ಅಂತ. ನಾಲ್ಕನೇ ದಿನ ಕೆರೆಯೋಕೆ ಅಂತ ಬುಟ್ಟಿ ಎತ್ತಿದ್ರೆ, ನನ್ನ ಬಿಲ್ಲೆ, ನಿನ್ನ ಗಂಟು."

"ಹೇಳಬಹುದಿತ್ತಲ್ಲ."

"ನೀನು ಹೇಳ್ತೀಯ ಅಂತ ಕಾದೆ. ಇವತ್ತು ಊಟದ ತನಕ ಕಾದೆ." ಹಿಸಾನೊ ಸಾಮಾನಿನ ಗಂಟನ್ನು ಬಿಗಿದು ಹೆಗಲಿಗೇರಿಸಿದಳು. "ದೊಡ್ಡತನಕ್ಕೆ ಸುಮ್ಮನಿದ್ದೆ ಅಂತ ಅಂದ್ಕೋಬೇಡ. ಎದುರಿಗೆ ಸಿಕ್ಕಿದಾಗೆಲ್ಲ ನೀನು ಒಂದೊಂದು ಹೆಜ್ಜೆ ಹಿಂದೆ ಸರೀತಿದ್ದೆ. ಅದನ್ನ ನೋಡಿ ನಂಗೆ ಊಟ ಸೇರ್ತಿತ್ತು. ಐದು ತಿಂಗಳು ಅದರ ಮೇಲೇ ಬದುಕಿದೆ. ನಾನೂ ಕೆಟ್ಟೆ ಕಣೇ, ನಿನ್ನ ದೆಸೆಯಿಂದ."

ಕ್ಷಮಿಸಿ ಎಂಬುದು ನೊಬುಯೆ ದಿನಕ್ಕೆ ಹತ್ತಾರು ಸಲ ಹೇಳುವ ಪದ, ಬಾಗಿಲು ದಾಟುವಾಗ, ಚಹಾ ಇಡುವಾಗ. ಅದರಲ್ಲಿ ಏನೂ ಉಳಿದಿರಲಿಲ್ಲ. ಹಿಸಾನೊ ಅದಕ್ಕೆ ಕಾಯಲೂ ಇಲ್ಲ. ಪೈನ್ ಮರಗಳ ನಡುವೆ ಏರಿಹೋಗುವ ರಸ್ತೆ ಹಿಡಿದಳು.

ನೊಬುಯೆ ಕನ್ನಡಕ ಹಾಕಿಕೊಂಡಳು. ಅಂಗೈ ಬಂದು ಕಣ್ಣಿಗೆ ಬಡಿಯಿತು. ಎರಡು ವರ್ಷಗಳಿಂದ ನೋಡದ ಅಂಗೈ: ಬೆರಳ ಸಂದಿಯ ಬಿರುಕು, ಉಗುರ ಕೆಳಗೆ ಒಣಗಿದ ಲೋಳೆ, ಬಿಲ್ಲೆಯ ಮರದ ನಾರು, ವೃತ್ತದ ಅಂಚಿನಲ್ಲಿ ಮೊಳೆ ತಡವರಿಸಿದ ಜಾಗ, ಮೂರು ಸುತ್ತಿನ ಗಂಟು, ಅದರ ಒಂದೊಂದು ಎಳೆ. ತಾನು ಮಾಡಿದ್ದು ಇಷ್ಟು ಸ್ಪಷ್ಟವಾಗಿತ್ತು. ತಲೆಯೆತ್ತಿ ರಸ್ತೆಯ ಕಡೆ ನೋಡಿದಳು. ರಸ್ತೆ ಇರಲಿಲ್ಲ; ಮಂಜು ಈಗ ಅಲ್ಲಿಗೆ ಹೋಗಿತ್ತು, ಅದರಲ್ಲಿ ನೀಲಿಯದೊಂದು ಕಲೆ ಅಲುಗುತ್ತಿತ್ತು. ಗಾಬರಿಯಿಂದ ಕನ್ನಡಕ ತೆಗೆದಳು. ಹಿಸಾನೊ ಕಂಡಳು, ನೀಲಿ ಅಂಗಿಯ ಬೆನ್ನಿಗೆ ಹಾಕಿದ ತೇಪೆಯ ಹೊಲಿಗೆ ಸಮೇತ, ಭಾರಕ್ಕೆ ಎಡಕ್ಕೆ ವಾಲಿದ ಹೆಗಲು ಸಮೇತ. ಕೈಯಲ್ಲಿದ್ದ ಗಂಟು ಕರಗಿಹೋಯಿತು. ಹಾಕಿಕೊಂಡಳು, ತೆಗೆದಳು. ಎರಡನ್ನೂ ಒಟ್ಟಿಗೆ ಕಾಣುವ ಕಣ್ಣು ಅವಳಿಗೆ ಇರಲಿಲ್ಲ. ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಹಿಸಾನೊ ಇನ್ನೂ ನಡೆಯುತ್ತಿದ್ದಳು. ಕೊಟ್ಟಿಗೆಯಲ್ಲಿ ಇವಾಕಿಚಿ ಇನ್ನೂ ಕೂತಿದ್ದ. ನಾಲ್ಕು ಹೆಜ್ಜೆ, ಮೂರು ಪದ. ಈಗಲೂ ಅಷ್ಟೇ ಕೆಲಸ. ಹಿಸಾನೊ ತಿರುವಿನಲ್ಲಿ ಮರೆಯಾಗುವವರೆಗೆ ನೊಬುಯೆ ನಿಂತಲ್ಲೇ ನಿಂತು ನೋಡಿದಳು.

ಆಮೇಲೆ ಬಿಲ್ಲೆಯನ್ನು ನೀರಿಗೆ ಎಸೆದಳು. ಮರವಾದ್ದರಿಂದ ಅದು ಮುಳುಗಲಿಲ್ಲ, ಕಟ್ಟೆಯ ಕಲ್ಲಿಗೆ ತಾಗಿಕೊಂಡು ಅಲ್ಲೇ ತೇಲುತ್ತ ನಿಂತಿತು. ಒಳಗಿನಿಂದ ಅವಳ ಹೆಸರು ಕೂಗಿದರು, ಮುತ್ತು ವಿಂಗಡಿಸಲು. ಬಂದೆ ಎಂದು ಕನ್ನಡಕ ಹಾಕಿಕೊಂಡು ಹೋಗಿ ಮೊದಲ ಮೇಜಿನಲ್ಲಿ ಕೂತಳು. ಎಲ್ಲರೂ ಅವಳ ಮುಖ ನೋಡಿದರು. ಗಾಳದ ದಾರ ಸುತ್ತಿದ ಕಡ್ಡಿಯನ್ನು ಗುರುತಿಸದವರು ಅಲ್ಲಿ ಯಾರೂ ಇರಲಿಲ್ಲ.

"ಹಿಸಾನೊ ಅಕ್ಕ ಕೊಟ್ರಾ?" ಎಂದಳು ತಾಮಿ. "ನೋಡಿ, ಅಳತೆ ಕೊಟ್ಟು ಮಾಡಿಸಿದ ಹಾಗೆ ಒಪ್ಪುತ್ತೆ ನಿಮಗೆ."